ವಿಟಿಯು ಮೊದಲ ವರ್ಷ: ಇಂಟರ್ನಲ್ಸ್, ಹಾಜರಾತಿ, ಲ್ಯಾಬ್ ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ

ಪಿಯುಸಿಯಲ್ಲಿ ಕೊನೆಯ ಎರಡು ತಿಂಗಳು ಹಗಲು ರಾತ್ರಿ ಕೂತು ಓದಿ ಒಳ್ಳೆಯ ಅಂಕ ತೆಗೆದವರಿದ್ದಾರೆ. ಎಂಜಿನಿಯರಿಂಗ್‌ನಲ್ಲಿ ಆ ದಾರಿ ನಡೆಯುವುದಿಲ್ಲ. ಇಲ್ಲಿ 100ರಲ್ಲಿ 50 ಅಂಕ ಸೆಮಿಸ್ಟರ್ ನಡೆಯುತ್ತಿರುವಾಗಲೇ ವಾರವಾರವೂ ಜಮೆಯಾಗುತ್ತದೆ, ಇಲ್ಲವೇ ಕೈಬಿಟ್ಟುಹೋಗುತ್ತದೆ. ಮೊದಲ ವರ್ಷ ಎಡವುವವರಲ್ಲಿ ಹೆಚ್ಚಿನವರಿಗೆ ಬುದ್ಧಿ ಕಡಿಮೆ ಇರುವುದಿಲ್ಲ, ಈ ಲೆಕ್ಕ ತಡವಾಗಿ ತಿಳಿದಿರುತ್ತದೆ ಅಷ್ಟೇ. ಕೆಳಗಿನ ಅಂಕಿಗಳು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿನವು, ಅಂದರೆ ಆ ವರ್ಷದ ಪಠ್ಯಕ್ರಮ ಮತ್ತು ಅಂಕದ ನಿಯಮಗಳವು. ಸ್ವಾಯತ್ತ ಕಾಲೇಜುಗಳ ನಿಯಮ ಬೇರೆ ಇರುತ್ತದೆ, ನಿಮ್ಮ ಬ್ಯಾಚಿಗೆ ಯಾವ ಸ್ಕೀಮ್ ಎಂಬುದನ್ನು ಮೊದಲ ವಾರವೇ ವಿಭಾಗದಲ್ಲಿ ಕೇಳಿಕೊಳ್ಳಿ.

ಅಂಕದ ಲೆಕ್ಕ

ಥಿಯರಿ ವಿಷಯಕ್ಕೆ ಇಂಟರ್ನಲ್ಸ್ (ಸೆಮಿಸ್ಟರ್ ನಡುವಿನ ಟೆಸ್ಟ್, ಅಸೈನ್‌ಮೆಂಟ್‌ಗಳ ಅಂಕ) 50, ಸೆಮಿಸ್ಟರ್ ಕೊನೆಯ ಪರೀಕ್ಷೆ 50. ಕೊನೆಯ ಪರೀಕ್ಷೆಯನ್ನು 100ಕ್ಕೆ ಬರೆಸಿ 50ಕ್ಕೆ ಇಳಿಸುತ್ತಾರೆ. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20 ಬೇಕು; ಬರದಿದ್ದರೆ ಆ ವಿಷಯದ ಪರೀಕ್ಷೆಗೆ ಕೂರುವ ಅರ್ಹತೆಯೇ ಇಲ್ಲ. ಪರೀಕ್ಷೆಯಲ್ಲಿ 100ಕ್ಕೆ 35, ಅಂದರೆ ಇಳಿಸಿದ ಮೇಲೆ 18. ಎರಡೂ ಸೇರಿ 40 ಆಗಬೇಕು.

ತುಂಬಾ ಜನ ಜಾರಿ ಬೀಳುವುದು ಈ ಕೊನೆಯ ಸಾಲಿನಲ್ಲಿ. ಇಂಟರ್ನಲ್ಸ್ 20, ಪರೀಕ್ಷೆ 18 ಬಂದರೆ ಎರಡರಲ್ಲೂ ಕನಿಷ್ಠ ದಾಟಿದಂತೆ ಕಾಣುತ್ತದೆ. ಆದರೆ ಒಟ್ಟು 38, ಫೇಲು. ಅದೇ ಇಂಟರ್ನಲ್ಸ್‌ನಲ್ಲಿ 40 ಇಟ್ಟುಕೊಂಡವರು ಪರೀಕ್ಷೆಯ ದಿನ ಜ್ವರ ಬಂದು ಅಷ್ಟಿಷ್ಟು ಬರೆದರೂ 58ಕ್ಕೆ ನಿಲ್ಲುತ್ತಾರೆ. ಹಾಗಾಗಿ ಮೊದಲ ಟೆಸ್ಟನ್ನು 'ಅಭ್ಯಾಸಕ್ಕೆ' ಎಂದು ಬಿಟ್ಟುಕೊಡಬೇಡಿ. ಅಸೈನ್‌ಮೆಂಟ್ ಅಂಕ ಎಲ್ಲಕ್ಕಿಂತ ಸುಲಭವಾದದ್ದು, ಅದು ಹೋಗುವುದು ಬಹುಪಾಲು ತಡವಾಗಿ ಕೊಟ್ಟದ್ದಕ್ಕೇ.

ಹಾಜರಾತಿ

ಪ್ರತಿ ವಿಷಯಕ್ಕೂ ಬೇರೆ ಬೇರೆಯಾಗಿ ಶೇ. 85 ಬೇಕು. ವೈದ್ಯಕೀಯದಂಥ ತಕ್ಕ ಕಾರಣ, ದಾಖಲೆ ಇದ್ದರೆ ಶೇ. 10ರವರೆಗೆ ಮನ್ನಾ ಸಿಗಬಹುದು. ಅದನ್ನು ಹಕ್ಕು ಎಂದುಕೊಳ್ಳಬೇಡಿ. 40 ಕ್ಲಾಸಿನ ವಿಷಯದಲ್ಲಿ ತಪ್ಪಿಸಬಹುದಾದದ್ದು 6. ವಾರಕ್ಕೆ ನಾಲ್ಕು ಕ್ಲಾಸ್ ಇದ್ದರೆ ಅದು ಒಂದೂವರೆ ವಾರ. ದಸರಾಕ್ಕೆ ಊರಿಗೆ ಹೋದವರು ದೀಪಾವಳಿಗೂ ನಾಲ್ಕು ದಿನ ಸೇರಿಸಿಕೊಂಡರೆ ಮುಗಿಯಿತು, ಶಾರ್ಟೇಜ್ ಪಟ್ಟಿಯಲ್ಲಿ ಹೆಸರು. ವಾರಕ್ಕೊಂದೇ ಸಲ ಬರುವ ಲ್ಯಾಬ್‌ನಲ್ಲಿ ಒಂದು ಸೋಮವಾರ ತಪ್ಪಿದರೂ ಪೆಟ್ಟು ದೊಡ್ಡದು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ವಿಷಯವಾರು ಗೆರೆ ಎಳೆದು ನಿಮ್ಮದೇ ಲೆಕ್ಕ ಇಡಿ, ತಿಂಗಳಿಗೊಮ್ಮೆ ಕಾಲೇಜಿನ ಲೆಕ್ಕಕ್ಕೆ ತಾಳೆ ನೋಡಿ. ತಪ್ಪಾಗಿ ಆಬ್ಸೆಂಟ್ ಬಿದ್ದಿದ್ದರೆ ಅದೇ ವಾರ ಹೇಳಿದರೆ ಸರಿಹೋಗುತ್ತದೆ, ಸೆಮಿಸ್ಟರ್ ಕೊನೆಗೆ ಹೇಳಿದರೆ ಯಾರೂ ಒಪ್ಪುವುದಿಲ್ಲ.

ವಿಷಯಗಳಲ್ಲಿ ಎಲ್ಲಿ ಸಿಕ್ಕಿಬೀಳುತ್ತೀರಿ

ಗಣಿತದಲ್ಲಿ ಮೊದಲ ಪೆಟ್ಟು ಪೋಲಾರ್ ಕರ್ವ್ಸ್. ಪಿಯುಸಿ ಕ್ಯಾಲ್ಕುಲಸ್ ಎಲ್ಲಾ ಎಕ್ಸ್, ವೈ ಅಕ್ಷಗಳ ಮೇಲೆ ನಡೆದಿರುತ್ತದೆ. ಇಲ್ಲಿ ಇದ್ದಕ್ಕಿದ್ದಂತೆ ಆರ್, ಥೀಟಾ ಬರುತ್ತವೆ. ಲೆಕ್ಕದ ವಿಧಾನ ಕಷ್ಟದ್ದಲ್ಲ: ಎರಡೂ ಕಡೆ ಲಾಗ್ ತೆಗೆದು ಡಿಫರೆನ್ಶಿಯೇಟ್ ಮಾಡುವುದು. ನಿಲ್ಲುವುದು ಅದರ ಮುಂದಿನ ಹೆಜ್ಜೆಯಲ್ಲಿ, ತ್ರಿಕೋನಮಿತಿಯ ಅರ್ಧಕೋನದ ಸೂತ್ರಗಳು ಮರೆತಿರುವುದರಿಂದ. ಕ್ಲಾಸ್ ಶುರುವಾಗುವ ಮೊದಲೇ ಆ ಸೂತ್ರಗಳನ್ನೂ, ಡಿಫರೆನ್ಶಿಯೇಶನ್ ಮತ್ತು ಇಂಟಿಗ್ರೇಶನ್ ಪಟ್ಟಿಯನ್ನೂ ಒಂದು ಹಾಳೆಯಲ್ಲಿ ಬರೆದು ಮೇಜಿನ ಎದುರು ಅಂಟಿಸಿ. ದಿನಕ್ಕೆ ಐದು ಲೆಕ್ಕ, ಬಿಡಿಸಿದ ಉತ್ತರ ಮುಚ್ಚಿಟ್ಟು, ಪೆನ್ನಿನಲ್ಲಿ ಬರೆದು. ಯೂಟ್ಯೂಬಿನಲ್ಲಿ ಬೇರೆಯವರು ಬಿಡಿಸುವುದನ್ನು ನೋಡಿದರೆ ಅರ್ಥವಾದಂತೆ ಅನಿಸುತ್ತದೆ, ಕೈಗೆ ಬರುವುದಿಲ್ಲ.

ಡ್ರಾಯಿಂಗ್‌ನಲ್ಲಿ ಫಸ್ಟ್ ಆ್ಯಂಗಲ್ ಪದ್ಧತಿ: ಎದುರುನೋಟ ಎಕ್ಸ್‌ವೈ ಗೆರೆಯ ಮೇಲೆ, ಮೇಲ್ನೋಟ ಕೆಳಗೆ. ಇಂಟರ್ನೆಟ್ಟಿನಲ್ಲಿ ಸಿಗುವ ಹಲವು ಪಾಠಗಳು ಥರ್ಡ್ ಆ್ಯಂಗಲ್‌ನಲ್ಲಿ ಇರುತ್ತವೆ, ಅದನ್ನು ನೋಡಿ ಕಲಿತರೆ ನೋಟಗಳು ತಿರುವುಮುರುವಾಗುತ್ತವೆ. ಎರಡೂ ತಲಗಳಿಗೆ ವಾಲಿದ ಗೆರೆಯ ಲೆಕ್ಕದಲ್ಲಿ ನಿಜವಾದ ಉದ್ದವನ್ನೂ ಕಾಣುವ ಉದ್ದವನ್ನೂ ಬೆರೆಸಿಬಿಡುವುದು ಸಾಮಾನ್ಯ ತಪ್ಪು. ಪೆನ್ಸಿಲನ್ನೇ ಗೆರೆ ಎಂದುಕೊಂಡು, ತೆರೆದ ಪುಸ್ತಕದ ಒಂದು ಹಾಳೆ ಗೋಡೆ, ಇನ್ನೊಂದು ನೆಲ ಎಂದು ಹಿಡಿದು ನೋಡಿ, ಥಟ್ಟನೆ ಹೊಳೆಯುತ್ತದೆ. ಕಂಪ್ಯೂಟರಿನಲ್ಲಿ ಬರೆಯುವಾಗ ಐದೈದು ನಿಮಿಷಕ್ಕೆ ಸೇವ್ ಮಾಡಿ. ಕರೆಂಟ್ ಹೋದರೆ ಎರಡು ಗಂಟೆಯ ಕೆಲಸ ಹೋಗುತ್ತದೆ.

ಸಿ ಪ್ರೋಗ್ರಾಮಿಂಗ್‌ನಲ್ಲಿ ಹೊಸಬರ ತಪ್ಪುಗಳು ಹೆಚ್ಚುಕಡಿಮೆ ಮೂರೇ. ಸ್ಕ್ಯಾನ್‌ಎಫ್‌ನಲ್ಲಿ & ಬಿಡುವುದು; ಹೋಲಿಸುವಲ್ಲಿ == ಬದಲು = ಹಾಕುವುದು; 5/2 ಅಂದರೆ 2.5 ಬರುತ್ತದೆಂದು ತಿಳಿಯುವುದು (ಎರಡೂ ಪೂರ್ಣಾಂಕವಾದರೆ ಉತ್ತರ 2). ಪ್ರೋಗ್ರಾಮನ್ನು ಬಾಯಿಪಾಠ ಮಾಡಿದವರು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) 'ಈ ಸಾಲು ತೆಗೆದರೆ ಏನಾಗುತ್ತದೆ' ಎಂಬ ಒಂದೇ ಪ್ರಶ್ನೆಗೆ ನಿಂತುಬಿಡುತ್ತಾರೆ.

ಲ್ಯಾಬ್ ರೆಕಾರ್ಡನ್ನು ಪ್ರಯೋಗ ಮಾಡಿದ ರಾತ್ರಿಯೇ ಬರೆಯಿರಿ. ಮೂರು ವಾರದ್ದು ಕೂಡಿಬಿದ್ದರೆ ಪಕ್ಕದವರ ರೀಡಿಂಗ್ ನಕಲು ಮಾಡುವ ಪರಿಸ್ಥಿತಿ ಬರುತ್ತದೆ, ಲ್ಯಾಬ್‌ನಲ್ಲೇ ರೀಡಿಂಗ್ ಬರೆದುಕೊಂಡ ನಿಮ್ಮ ಆಬ್ಸರ್ವೇಶನ್ ಪುಸ್ತಕಕ್ಕೂ ರೆಕಾರ್ಡಿಗೂ ತಾಳೆಯಾಗದೆ ಅಲ್ಲೇ ಸಿಕ್ಕಿಬೀಳುತ್ತೀರಿ.

ಕೊನೆಯ ಪರೀಕ್ಷೆಯಲ್ಲಿ ಐದು ಮಾಡ್ಯೂಲ್, ಪ್ರತಿಯೊಂದರಲ್ಲೂ 20 ಅಂಕದ ಎರಡು ಪ್ರಶ್ನೆ, ಒಂದಕ್ಕೆ ಉತ್ತರ. ಮೂರು ಗಂಟೆಯಲ್ಲಿ ಒಂದಕ್ಕೆ 36 ನಿಮಿಷ. ಒಂದು ಮಾಡ್ಯೂಲನ್ನು ಪೂರ್ತಿ ಬಿಟ್ಟರೆ ಬರೆಯುವ ಮೊದಲೇ 20 ಅಂಕ ಹೋಯಿತು.

ಕನ್ನಡ ಮಾಧ್ಯಮದಿಂದ ಬಂದವರಿಗೆ

ಮೊದಲ ತಿಂಗಳು ಪಾಠ ಕಿವಿಯ ಮೇಲೆ ಹಾದುಹೋದಂತೆ ಅನಿಸುವುದು ಸಹಜ. ತೊಡಕು ವಿಷಯದ್ದಲ್ಲ, ಪದಗಳದ್ದು, ಮತ್ತು ಒಂದು ವಿಷಯದಲ್ಲಿ ಮತ್ತೆ ಮತ್ತೆ ಬರುವ ಪದಗಳು ತುಂಬಾ ಇರುವುದಿಲ್ಲ. ನೋಟ್‌ಬುಕ್ಕಿನ ಪ್ರತಿ ಪುಟದ ಎಡಗಡೆ ಎರಡು ಬೆರಳಗಲ ಅಂಚು ಬಿಡಿ, ಹೊಸ ಪದ ಬಂದಾಗ ಅಲ್ಲಿ ಕನ್ನಡದಲ್ಲೇ ಅರ್ಥ ಬರೆಯಿರಿ. ಯೋಚಿಸುವುದು ಕನ್ನಡದಲ್ಲಿ ಇರಲಿ. ವ್ಯಾಖ್ಯೆಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಅಕ್ಷರಶಃ ಕಲಿಯಿರಿ. ಕ್ಲಾಸಿನಲ್ಲಿ ಕೇಳಲು ಹಿಂಜರಿಕೆಯಾದರೆ ಸರ್ ಅಥವಾ ಮೇಡಂ ಹತ್ತಿರ ಆಮೇಲೆ ಸ್ಟಾಫ್ ರೂಮಿಗೆ ಹೋಗಿ ಕನ್ನಡದಲ್ಲೇ ಕೇಳಿ.

ಕಾಗದಪತ್ರ

ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ಟಿಸಿ, ಜಾತಿ-ಆದಾಯ ಪ್ರಮಾಣಪತ್ರ, ಸಿಇಟಿ ಪ್ರವೇಶ ಆದೇಶ ಇವುಗಳನ್ನು ಕಾಲೇಜಿಗೆ ಕೊಡುವ ಮೊದಲು ಐದೈದು ಜೆರಾಕ್ಸ್ ಮಾಡಿಸಿ, ಸ್ಕ್ಯಾನ್ ಮಾಡಿಸಿ ಇಮೇಲ್‌ನಲ್ಲಿ ಇಟ್ಟುಕೊಳ್ಳಿ. ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಮೊದಲು ಬ್ಯಾಂಕಿಗೆ ಹೋಗಿ ಖಾತೆ ಆಧಾರ್‌ಗೆ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ನೇರವಾಗಿ ಖಾತೆಗೆ ಬರಲು ಬೇಕಾದ ಜೋಡಣೆ) ಆಗಿದೆಯೇ ಕೇಳಿ. ಇದಾಗದೆ ಮಂಜೂರಾದ ಹಣವೂ ಬಂದು ಸೇರುವುದಿಲ್ಲ.

ಸೀನಿಯರ್ಸ್ ಪರಿಚಯ ಬೇಕು, ಕಿರುಕುಳ ಬೇಡ. ರ‍್ಯಾಗಿಂಗ್ ಆದರೆ ರಾಷ್ಟ್ರೀಯ ಸಹಾಯವಾಣಿ 1800-180-5522. ಮನಸ್ಸು ತೀರಾ ಕುಗ್ಗಿ ನಿದ್ದೆ, ಊಟ ಬಿಟ್ಟುಹೋಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮೊದಲ ವರ್ಷದವರನ್ನು ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಎರಡು ಗುಂಪು ಮಾಡಿರುತ್ತಾರೆ; ಎರಡನೇ ಸೆಮಿಸ್ಟರಿನಲ್ಲಿ ಫಿಸಿಕ್ಸ್ ಸೈಕಲ್‌ನವರು ಕೆಮಿಸ್ಟ್ರಿಗೆ, ಕೆಮಿಸ್ಟ್ರಿಯವರು ಫಿಸಿಕ್ಸ್‌ಗೆ ಬರುತ್ತಾರೆ. ರಜೆಗೆ ಊರಿಗೆ ಹೊರಡುವ ಮೊದಲು ಇನ್ನೊಂದು ಸೈಕಲ್‌ನ ಒಬ್ಬ ಗೆಳೆಯ ಅಥವಾ ಗೆಳತಿಯ ಜೊತೆ ನೋಟ್ಸ್, ಟೆಸ್ಟ್ ಪ್ರಶ್ನೆಪತ್ರಿಕೆ ಅದಲುಬದಲು ಮಾಡಿಕೊಳ್ಳಿ.