ಚಿಕ್ಕ ಕಾರಿನ ಹಿಂದಿನ ಬೆಂಚಿನಲ್ಲಿ ಮಕ್ಕಳ ಮೂರು ಸೀಟು: ನನ್ನ ಅನುಭವ

ಮೂರನೆಯ ಮಗು ಬರುತ್ತದೆ ಎಂದಾಗ ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: ಈ ಕಾರು ಮಾರಿ, ಏಳು ಸೀಟಿನದು ತೆಗೆದುಕೊಳ್ಳಿ. ಮಕ್ಕಳ ಸೀಟು ಮಾರುವವರೂ ಹಾಗೇ ಅಂದರು, ಕಾರಿನ ಕೆಲಸ ನನಗಿಂತ ಚೆನ್ನಾಗಿ ಬಲ್ಲ ಗೆಳೆಯರೂ ಹಾಗೇ ಅಂದರು. ಹಿಂದೆ ಮೂರು ಸೀಟು ಹಿಡಿಯುವುದಿಲ್ಲ, ಹಿಡಿದರೂ ಬಕಲ್‌ಗೆ ಕೈ ಹೋಗುವುದಿಲ್ಲ ಎಂಬುದು ಅವರ ವಾದ. ಈಗ ಹತ್ತಿರಹತ್ತಿರ ಒಂದು ವರ್ಷವಾಯಿತು. ಕೂಸಿಗೆ ಹಿಮ್ಮುಖ ಸೀಟು (ಮಗುವಿನ ಮುಖ ಕಾರಿನ ಹಿಂಬದಿಗೆ), ನಡುವಿನವಳಿಗೆ ಹಾರ್ನೆಸ್ (ಮಗುವನ್ನು ಕಟ್ಟುವ, ಸೀಟಿನದೇ ಪಟ್ಟಿಗಳು) ಇರುವ ಮುಮ್ಮುಖ ಸೀಟು, ದೊಡ್ಡವನಿಗೆ ಬೆನ್ನಿರುವ ಬೂಸ್ಟರ್ (ಕಾರಿನ ಬೆಲ್ಟು ಸರಿಯಾದ ಜಾಗಕ್ಕೆ ಬರುವಂತೆ ಮಗುವನ್ನು ಎತ್ತರಿಸುವ ಸೀಟು), ಮೂರೂ ಒಂದೇ ಬೆಂಚಿನ ಮೇಲೆ ಗಟ್ಟಿಯಾಗಿ ಕೂತಿವೆ. ಅನುಮಾನಪಟ್ಟ ಗೆಳೆಯರಲ್ಲಿ ಇಬ್ಬರು ಬಂದು ಸೀಟು ಹಿಡಿದು ಅಲ್ಲಾಡಿಸಿ ನೋಡಿ, ಒಪ್ಪಿಕೊಂಡು ಹೋದರು.

ಐಸೋಫಿಕ್ಸ್ ಅಂದರೆ ಬೆಲ್ಟಿನ ಬದಲು ಕಾರಿನ ಬೆಂಚಿನಲ್ಲೇ ಇರುವ ಲೋಹದ ಕೊಂಡಿಗಳಿಗೆ ಮಕ್ಕಳ ಸೀಟನ್ನು ಸಿಕ್ಕಿಸುವ ವ್ಯವಸ್ಥೆ. ಅದಕ್ಕಿಂತ ಹೆಚ್ಚಿನ ವಿವರ ಇಲ್ಲಿ ಬರೆಯುವುದಿಲ್ಲ.

ನನ್ನ ಕಾರಿನ ಹಿಂದಿನ ಬೆಂಚು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಸುಮಾರು 126 ಸೆಂ.ಮೀ. ಮೂರೂ ಸೀಟಿನ ಪೆಟ್ಟಿಗೆಗಳ ಮೇಲೆ ಬರೆದ ಅಗಲ ಕೂಡಿಸಿದರೆ 130 ದಾಟುತ್ತದೆ. ಈ ಲೆಕ್ಕ ನೋಡಿಯೇ ಜನ ಕೈಬಿಡುವುದು. ಆದರೆ ಪೆಟ್ಟಿಗೆಯ ಮೇಲಿರುವುದು ಸೀಟಿನ ಅತ್ಯಂತ ಅಗಲವಾದ ಜಾಗದ ಅಳತೆ. ಮುಮ್ಮುಖ ಸೀಟು ಅಗಲವಾಗುವುದು ಹಿಂದೆ, ಭುಜ ಮತ್ತು ತಲೆಯ ಹತ್ತಿರ. ಹಿಮ್ಮುಖ ಸೀಟಿನ ತಲೆಭಾಗ ಮುಂದಿನ ಸೀಟುಗಳ ಕಡೆಗಿರುತ್ತದೆ. ಬೆಂಚಿನ ಒರಗಿಗೆ ತಾಗುವುದು ಅದರ ಕಿರಿದಾದ ಕಾಲಿನ ಭಾಗ. ಎರಡು ಮುಮ್ಮುಖ ಸೀಟುಗಳ ನಡುವೆ ಹಿಮ್ಮುಖದ್ದನ್ನು ಇಟ್ಟರೆ ಅಗಲವಾದ ಜಾಗಗಳು ಒಂದಕ್ಕೊಂದು ತಾಗುವುದೇ ಇಲ್ಲ. ಇಷ್ಟು ಹೊಳೆಯಲು ನನಗೆ ತಿಂಗಳುಗಳೇ ಹಿಡಿದವು.

ಎರಡನೆಯ ತೊಡಕು ಐಸೋಫಿಕ್ಸೇ. ಅದರ ಎರಡು ಕೊಂಡಿಗಳ ನಡುವಿನ ಅಂತರ 28 ಸೆಂ.ಮೀ., ಅವು ಇರುವ ಜಾಗ ಬದಲಾಗುವುದಿಲ್ಲ. ಅದಕ್ಕೆ ಸಿಕ್ಕಿಸಿದ ಸೀಟನ್ನು ಬಾಗಿಲಿನ ಕಡೆಗೆ ಒಂದು ಬೆರಳಿನಷ್ಟೂ ಸರಿಸಲಾಗದು. ಬೆಲ್ಟಿನಲ್ಲಿ ಕಟ್ಟಿದಾಗ ಎರಡೂ ಬದಿ ನಾಲ್ಕೈದು ಸೆಂ.ಮೀ. ಸಿಕ್ಕಿತು, ನಡುವಿನ ಸೀಟಿಗೆ ಜಾಗವಾಯಿತು. "ಐಸೋಫಿಕ್ಸ್ ಬಿಟ್ಟರೆ ಮಗು ಅಪಾಯದಲ್ಲಿ" ಎಂದು ನನ್ನನ್ನು ಬೈದವರಿದ್ದಾರೆ. ಐಸೋಫಿಕ್ಸ್‌ನ ದೊಡ್ಡ ಲಾಭ ಎಂದರೆ ತಪ್ಪಾಗಿ ಕಟ್ಟುವ ಅವಕಾಶ ಕಡಿಮೆ. ಬೆಲ್ಟಿನಲ್ಲಿ ಕಟ್ಟಲು ಒಪ್ಪಿಗೆ ಇರುವ ಸೀಟನ್ನು ಸರಿಯಾಗಿ ಕಟ್ಟಿದರೆ ಬೆಲ್ಟೂ ಕಾಪಾಡುತ್ತದೆ. ಸರಿಯಾಗಿ ಕಟ್ಟುವುದರಲ್ಲೇ ಎಲ್ಲ ಇದೆ.

ಇನ್ನು ಸೋಲುಗಳು. ಮೊದಲು ತಂದದ್ದು ಬೆನ್ನಿಲ್ಲದ ಕಿರಿದಾದ ಬೂಸ್ಟರ್. ಜಾಗ ಉಳಿಯಿತು, ಆದರೆ ದೊಡ್ಡವನ ಭುಜದ ಮೇಲೆ ಇರಬೇಕಾದ ಬೆಲ್ಟು ಕುತ್ತಿಗೆಗೆ ಉಜ್ಜುತ್ತಿತ್ತು. ಆ ದುಡ್ಡು ಹೋಯಿತು. ಆಮೇಲೆ ತಂದ ಹಿಮ್ಮುಖ ಸೀಟಿಗೆ ನಡುವಿನ ಬೆಲ್ಟಿನ ಉದ್ದವೇ ಸಾಲಲಿಲ್ಲ, ಬಕಲ್‌ಗೆ ಒಂದು ಗೇಣು ಕಡಿಮೆ. ಬೆಲ್ಟ್ ಉದ್ದ ಮಾಡುವ ತುಂಡು ಹಾಕಿ ಎಂದು ಅಂಗಡಿಯಲ್ಲಿ ಹೇಳಿದರು. ನಾನು ಒಪ್ಪಲಿಲ್ಲ. ಕಾರಿನವರೂ ಸೀಟಿನವರೂ ಪರೀಕ್ಷಿಸದ ತುಂಡೊಂದು ನನ್ನ ಮಗುವಿಗೂ ಕಾರಿಗೂ ನಡುವೆ ಇರಕೂಡದು. ಸೀಟು ವಾಪಸು ಕೊಟ್ಟೆ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದುಡ್ಡು ಮರಳಿತು.

ಮೂರನೆಯ ಸಲದ್ದು ಎಲ್ಲಕ್ಕಿಂತ ಅಪಾಯಕಾರಿ ಸೋಲು, ಏಕೆಂದರೆ ಅದು ಗೆಲುವಿನಂತೆ ಕಂಡಿತು. ಮೂರೂ ಸೀಟು ಒತ್ತಿ ತುರುಕಿದಾಗ ಬಂಡೆಯಂತೆ ನಿಂತವು. ಅನುಮಾನ ಬಂದು ಬದಿಯದನ್ನು ತೆಗೆದು ನೋಡಿದರೆ ನಡುವಿನದು ಅಂಗೈ ಅಗಲದಷ್ಟು ಜಾರಿತು! ಅಲ್ಲಿಯವರೆಗೆ ಅದನ್ನು ಹಿಡಿದಿದ್ದದ್ದು ಪಕ್ಕದ ಸೀಟು, ಬೆಲ್ಟಲ್ಲ. ಮೂರು ಸೀಟು ಕೂರಿಸಿದ್ದೇನೆ ಎನ್ನುವ ಹಲವರ ಕಾರಿನಲ್ಲಿ ನಾನು ಕಂಡದ್ದು ಇದೇ. ಪ್ರತಿ ಸೀಟೂ ತನ್ನ ಬೆಲ್ಟಿನಿಂದಲೇ, ಪಕ್ಕದವರ ಆಸರೆ ಇಲ್ಲದೆ ನಿಲ್ಲಬೇಕು. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ 2.5 ಸೆಂ.ಮೀ.ಗಿಂತ ಹೆಚ್ಚು ಸರಿಯಬಾರದು. ಸೀಟಿನ ತಲೆ ಹಿಡಿದು ಅಲ್ಲಾಡಿಸಿ ನೋಡುವುದು ಪರೀಕ್ಷೆಯಲ್ಲ. ಹಿಮ್ಮುಖ ಸೀಟಿನ ತಲೆ ಸ್ವಲ್ಪ ಆಡಿಯೇ ಆಡುತ್ತದೆ.

ಕೊನೆಗೆ ಗೆದ್ದ ಕ್ರಮ ಇದು. ಮೊದಲು ನಡುವಿನ ಹಿಮ್ಮುಖ ಸೀಟು, ನೆಲಕ್ಕೆ ಊರುವ ಕಾಲು ಇಲ್ಲದ್ದು. ಅದನ್ನು ಎರಡೂ ಕೈಯಿಂದ ಬೆಂಚಿನೊಳಕ್ಕೆ ಅದುಮಿ ಬೆಲ್ಟಿನ ಸಡಿಲ ಎಳೆದೆ. ನನ್ನ ಸೀಟುಗಳಲ್ಲಿ ಹಿಮ್ಮುಖಕ್ಕೆ ನೀಲಿ ಗುರುತು, ಮುಮ್ಮುಖಕ್ಕೆ ಕೆಂಪು ಗುರುತು, ಬೆಲ್ಟು ಅದೇ ಬಣ್ಣದಲ್ಲೇ ಹಾಯಬೇಕು. ಆಮೇಲೆ ಚಾಲಕನ ಹಿಂದೆ ಹಾರ್ನೆಸ್ ಸೀಟು. ಅದರ ಮೇಲೆ ಮೊಣಕಾಲು ಊರಿ ಮೈಭಾರ ಹಾಕಿ, ಬೆಲ್ಟ್ ಬಿಗಿದು, ಸೀಟಿನಲ್ಲೇ ಇರುವ ಕ್ಲಿಪ್ಪಿನಿಂದ ಬೆಲ್ಟನ್ನು ಕಚ್ಚಿಸಿದೆ. ನನ್ನ ಕಾರಿನ ಬೆಲ್ಟು ಜೋರಾಗಿ ಜಗ್ಗಿದಾಗ ಮಾತ್ರ ಲಾಕ್ ಆಗುವಂಥದ್ದು. ಈ ಕ್ಲಿಪ್ಪು ಹಾಕದಿದ್ದರೆ ವಾರದಲ್ಲಿ ಸಡಿಲವಾಗುತ್ತದೆ. ಟಾಪ್ ಟೆದರ್, ಅಂದರೆ ಸೀಟಿನ ಮೇಲ್ಭಾಗವನ್ನು ಬೆಂಚಿನ ಹಿಂದಿನ ಕೊಂಡಿಗೆ ಕಟ್ಟುವ ಪಟ್ಟಿ, ಕೊನೆಗೆ. ಅದನ್ನು ಬಿಡಬೇಡಿ, ಅಪಘಾತದಲ್ಲಿ ತಲೆ ಮುಂದಕ್ಕೆ ಹೋಗುವ ದೂರವನ್ನು ಅದು ಬಹಳ ಕಡಿಮೆ ಮಾಡುತ್ತದೆ. ಬೂಸ್ಟರ್ ಎಲ್ಲಕ್ಕಿಂತ ಕಡೆಗೆ, ಇನ್ನೊಂದು ಬಾಗಿಲ ಬದಿಗೆ. ಅದರ ಬಕಲ್ ಬೂಸ್ಟರಿನ ಅಡಿ ಸಿಕ್ಕದೆ ನೆಟ್ಟಗೆ ನಿಂತು, ಹುಡುಗನೇ ಹಾಕಿಕೊಳ್ಳುವಂತಿರಬೇಕು. ಅವನು ಇಲ್ಲದ ದಿನವೂ ಖಾಲಿ ಬೂಸ್ಟರಿಗೆ ಬೆಲ್ಟ್ ಹಾಕುತ್ತೇನೆ, ಇಲ್ಲದಿದ್ದರೆ ಜೋರು ಬ್ರೇಕಿಗೆ ಅದೇ ಹಾರಿಬರುತ್ತದೆ.

ಬಕಲ್‌ಗಳಿಗೆ ಇನ್ನೆರಡು ಬೆರಳು ಜಾಗ ಮಾಡುವ ಒಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ. ಕಾರಿನಿಂದ ಕಾರಿಗೆ ಬದಲಾಗುತ್ತದೆ, ಅರ್ಧ ಅರ್ಥವಾದರೆ ಸೀಟು ಸಡಿಲವಾಗುತ್ತದೆ. ಕಾರು ಎದುರಿಗಿದ್ದರೆ ತೋರಿಸುತ್ತೇನೆ.

ನಡುವೆ ಸೊಂಟದ ಬೆಲ್ಟು ಮಾತ್ರ ಇರುವ ಹಳೆಯ ಕಾರಾದರೆ ಅಲ್ಲಿ ಬೂಸ್ಟರ್ ಇಡುವ ಯೋಚನೆಯೇ ಬೇಡ, ಬೂಸ್ಟರಿಗೆ ಭುಜದ ಬೆಲ್ಟು ಇರಲೇಬೇಕು. "ಒಂದು ಸೀಟು ಮುಂದೆ ಇಡಿ" ಎಂದವರಿಗೆ ನನ್ನ ಉತ್ತರ: ಏರ್‌ಬ್ಯಾಗ್ ಚಾಲೂ ಇರುವಾಗ ಅದರೆದುರು ಹಿಮ್ಮುಖ ಸೀಟು ಇಡುವುದು ಮಗುವಿನ ಜೀವಕ್ಕೇ ಅಪಾಯ.

ಖರ್ಚು ಹೇಳಬೇಕೆಂದರೆ, ಮೂರು ಸೀಟು ಮತ್ತು ಹಾಳಾದ ಪ್ರಯತ್ನಗಳೆಲ್ಲ ಸೇರಿ, ಕಾರು ಬದಲಿಸಿದ್ದರೆ ಹೋಗುತ್ತಿದ್ದ ದುಡ್ಡಿನ ಸುಮಾರು ಹತ್ತನೇ ಒಂದು ಪಾಲು. ಬಳಸಿದ ಸೀಟು ಕೊಂಡು ಉಳಿಸಲು ಹೋಗಲಿಲ್ಲ. ಅಪಘಾತ ಕಂಡ ಸೀಟೋ ಅಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ.

ಈ ಕೆಲಸದ ಮಧ್ಯೆ ಬೇರೆ ಕೆಲವು ಪ್ರಯೋಗಗಳೂ ಆದವು. ಹಿಂದಿನ ಬೆಲ್ಟು ಸೋಮಾರಿಯಾಗಿ ಒಳಗೆ ಸೇರುತ್ತಿತ್ತು; ರಿಪೇರಿಯವರು ಹೊಸದೇ ಹಾಕಬೇಕು ಎಂದಿದ್ದರು. ಪೂರ್ತಿ ಹೊರಗೆಳೆದು, ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯ ಸೋಪಿನಿಂದ ಒರೆಸಿ, ಅದು ಹಾಯುವ ಮೇಲಿನ ಬಳೆಯ ಕೊಳೆ ತೆಗೆದು, ಒಂದು ರಾತ್ರಿ ಒಣಗಲು ಬಿಟ್ಟೆ. ಹೊಸದರಂತೆ ಓಡುತ್ತಿದೆ. ಇನ್ನೊಂದು ದಪ್ಪ ಜಾಕೆಟ್ಟಿನದು. ಜಾಕೆಟ್ ಹಾಕಿದ ಮಗಳಿಗೆ ಹಾರ್ನೆಸ್ ಬಿಗಿದು, ಅವಳನ್ನು ಇಳಿಸಿ ಜಾಕೆಟ್ ತೆಗೆದು, ಪಟ್ಟಿ ಮುಟ್ಟದೆ ಮತ್ತೆ ಕೂರಿಸಿದೆ. ಎದೆಯ ಮೇಲೆ ನಾಲ್ಕು ಬೆರಳು ಸಲೀಸಾಗಿ ಹೋದವು. ಅಪಘಾತದಲ್ಲಿ ಜಾಕೆಟ್ಟು ಅದುಮಿ ಹೋದಾಗ ಉಳಿಯುವ ಸಡಿಲ ಅಷ್ಟು. ಅಂದಿನಿಂದ ಜಾಕೆಟ್ ತೆಗೆದು ಬಿಗಿಯುತ್ತೇವೆ, ಚಳಿಯಾದರೆ ಪಟ್ಟಿಯ ಮೇಲೆ ಹೊದಿಕೆ.

ಮೂವರನ್ನು ಹತ್ತಿಸುವುದೆಂದರೆ ಬಾಗಿಲು ಮತ್ತು ಕೀಲಿಯದೂ ಒಂದು ಶಿಸ್ತು. ಬಾಗಿಲು ಲಾಕ್ ಆಗಿದ್ದರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. ಕೆಲವು ಕಾರುಗಳಲ್ಲಿ ಒಳಗಿನ ಹಿಡಿ ಎಳೆದರೇ ಲಾಕು ತೆರೆದುಕೊಳ್ಳುತ್ತದೆ. ಅದಕ್ಕೇ ಹಿಂದಿನ ಬಾಗಿಲ ಅಂಚಿನಲ್ಲಿರುವ ಚೈಲ್ಡ್ ಲಾಕ್ ಬೇಕು, ಎರಡೂ ಕಡೆ. ಕಾರು ತೊಳೆಯಲು ಅಥವಾ ಸರ್ವಿಸಿಗೆ ಕೊಟ್ಟು ಬಂದಾಗಲೆಲ್ಲ ನಾನು ಕಿಟಕಿ ಇಳಿಸಿ, ಬಾಗಿಲು ಮುಚ್ಚಿ, ಕೈ ಒಳಗೆ ಹಾಕಿ ಹಿಡಿ ಎಳೆದು ನೋಡುತ್ತೇನೆ. ಯಾರೋ ತೆಗೆದಿಟ್ಟದ್ದು ಒಂದೆರಡು ಸಲ ಸಿಕ್ಕಿದೆ.

ಕೀಲಿ ಯಾವಾಗಲೂ ನನ್ನ ಜೇಬಿನಲ್ಲಿ. ಮಗುವಿನ ಕೈಗೆ ಆಟಕ್ಕೂ ಕೊಡುವುದಿಲ್ಲ, ಸೀಟಿನ ಮೇಲಿಟ್ಟ ಚೀಲದಲ್ಲೂ ಇಡುವುದಿಲ್ಲ. ನನ್ನ ಕಾರು ರಿಮೋಟಿನಿಂದ ತೆರೆದ ಮೇಲೆ ಅರ್ಧ ನಿಮಿಷ ಯಾವ ಬಾಗಿಲೂ ತೆಗೆಯದಿದ್ದರೆ ತಾನೇ ಮತ್ತೆ ಲಾಕ್ ಆಗುತ್ತದೆ. ರಿಮೋಟಿನೊಳಗಿನ ಗುಂಡಿ ಬ್ಯಾಟರಿ ನುಂಗಿದರೆ ಎರಡು ಗಂಟೆಯಲ್ಲೇ ಅನ್ನನಾಳ ಸುಡಬಲ್ಲದು, ಹಾಗಾಗಿ ಅದರ ಮುಚ್ಚಳ ಸಡಿಲವಾದ ದಿನವೇ ಬದಲಿಸಿದೆ. ರಿಮೋಟಿನಲ್ಲಿ ಅಡಗಿರುವ ಲೋಹದ ಕೀಲಿಯನ್ನೂ ಒಮ್ಮೆ ಬಾಗಿಲಿಗೆ ಹಾಕಿ ನೋಡಿ. ನನ್ನದು ವರ್ಷಗಟ್ಟಲೆ ಬಳಸದೆ ಬಿಗಿದುಕೊಂಡಿತ್ತು.

ಬಿಸಿಲಲ್ಲಿ ನಿಂತ ಖಾಲಿ ಕಾರಿನಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ: ಹತ್ತು ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರಿತು, ಕಿಟಕಿ ಎರಡು ಬೆರಳು ಇಳಿಸಿದ್ದರೂ ಹೆಚ್ಚೇನೂ ಬದಲಾಗಲಿಲ್ಲ. ಮಗುವಿನ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಮಗು ಒಳಗೆ, ಕೀಲಿಯೂ ಒಳಗೆ ಎಂದಾದರೆ ಬೀಗ ತೆಗೆಯುವವರಿಗಾಗಿ ಕಾಯಬೇಡಿ. ತುರ್ತು ಸಹಾಯಕ್ಕೆ ಕರೆ ಮಾಡಿ. ಮಗು ಬಳಲಿದ್ದು ಕಂಡರೆ ಅದರಿಂದ ದೂರ ಇರುವ ಕಿಟಕಿ ಒಡೆಯಿರಿ.

ಸದ್ಯದಲ್ಲೇ ಕೂಸಿಗೆ ಈ ಸೀಟು ಚಿಕ್ಕದಾಗುತ್ತದೆ. ಆಮೇಲೂ ಅವನನ್ನು ಹಿಮ್ಮುಖವಾಗಿಯೇ ಕೂರಿಸುವ ಆಸೆ. ಹಾಗಾಗಿ ಇನ್ನೂ ಉದ್ದದ, ಬೆಲ್ಟಿನಲ್ಲಿ ಕಟ್ಟುವ ಸೀಟಿನ ಅಳತೆ ತೆಗೆಯುತ್ತಿದ್ದೇನೆ. ನಡುವಿನ ಬೆಲ್ಟು ಇದಕ್ಕೆ ಸಾಲುತ್ತದೆಯೇ ಎಂದು ಈ ಸಲ ಸೀಟನ್ನು ಕಾರಿನಲ್ಲಿ ಕಟ್ಟಿ ನೋಡಿದ ಮೇಲೆಯೇ ದುಡ್ಡು ಕೊಡುವುದು.