ಸಾರು ಸುರಿದಾಗ ಮೆತ್ತಗಾದ ಡಬ್ಬಿ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮದೊಂದು ಸಣ್ಣ ಮೆಸ್ಸು. ಕೂತು ಊಟ ಮಾಡುವವರಿಗಿಂತ ಪಾರ್ಸಲ್ ಒಯ್ಯುವವರೇ ಜಾಸ್ತಿ. 2022ರ ಜುಲೈ 1ಕ್ಕೆ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನು ದೇಶದಾದ್ಯಂತ ನಿಷೇಧಿಸಿದರು. ಆಗ ಸಗಟು ಅಂಗಡಿಯವರೊಬ್ಬರು ಹಸಿರೆಲೆಯ ಗುರುತಿದ್ದ, ಗಾಜಿನ ಹಾಗೆ ಹೊಳೆಯುವ ಡಬ್ಬಿಗಳನ್ನು ತೋರಿಸಿ, "ಮುಸುಕಿನ ಜೋಳದಿಂದ ಮಾಡಿದ್ದು ಅಕ್ಕ, ಮಣ್ಣಿಗೆ ಹಾಕಿದ್ರೆ ಮಣ್ಣೇ ಆಗುತ್ತೆ" ಅಂದರು. ಖುಷಿಯಿಂದಲೇ ತಂದೆ.

ಮೊದಲ ದಿನ ಒಲೆಯಿಂದ ಆಗಷ್ಟೇ ಇಳಿಸಿದ ಸಾರನ್ನು ಅದಕ್ಕೆ ಸುರಿದೆ. ಡಬ್ಬಿಯ ಪಕ್ಕ ಮೆಲ್ಲಗೆ ಒಳಕ್ಕೆ ಕುಸಿಯಿತು, ಅಂಚು ಸೊಟ್ಟಗಾಯಿತು, ಮುಚ್ಚಳ ಕೂರಲೇ ಇಲ್ಲ. ಸಾರೆಲ್ಲ ಕಟ್ಟೆಯ ಮೇಲೆ.

ಆ ಸಂಜೆಯೇ ಇದೇನೆಂದು ಓದಲು ಕೂತೆ. ಡಬ್ಬಿ ಮಾಡಿದ ಪ್ಲಾಸ್ಟಿಕ್ಕಿನ ಹೆಸರು ಪಿಎಲ್‌ಎ. ಜೋಳದ ಪಿಷ್ಟವನ್ನೋ ಕಬ್ಬಿನ ಸಕ್ಕರೆಯನ್ನೋ ಹುದುಗಿಸಿ ಲ್ಯಾಕ್ಟಿಕ್ ಆಮ್ಲ ಮಾಡುತ್ತಾರೆ. ನಮ್ಮ ಮೊಸರನ್ನು ಹುಳಿ ಮಾಡುವುದೂ ಅದೇ ಆಮ್ಲ. ಅದರ ಕಣಗಳನ್ನು ಸರಪಳಿಯಂತೆ ಜೋಡಿಸಿದರೆ ಪಿಎಲ್‌ಎ. 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಅದು ಮೆತ್ತಗಾಗುತ್ತದೆ. ಡಬ್ಬಿಯನ್ನು ಕೆಡಿಸಿದ ಆ ಶಾಖವೇ ಅದು ಬೇಗ ಕೊಳೆಯುವುದಕ್ಕೂ ಬೇಕು! ದೊಡ್ಡ ಗೊಬ್ಬರದ ಘಟಕದ ರಾಶಿಯೊಳಗೆ ಅಷ್ಟು ಬಿಸಿ ಸಿಗುತ್ತದೆ, ನಮ್ಮ ಹಿತ್ತಲಿನ ಗುಂಡಿಯಲ್ಲಿ ಸಿಗುವುದಿಲ್ಲ.

ಇದೇ ಥರ ಕೊಳೆಯುತ್ತದೆ ಎಂದು ಮಾರುವ ಕೈಚೀಲದ ಕಥೆ ಬೇರೆ. ಅದರಲ್ಲಿರುವುದು ಪಿಷ್ಟ ಮತ್ತು ಪಿಬಿಎಟಿ ಎಂಬ ಇನ್ನೊಂದು ಪ್ಲಾಸ್ಟಿಕ್. ಪಿಬಿಎಟಿ ಸಾಮಾನ್ಯವಾಗಿ ಪೆಟ್ರೋಲಿಯಂ ಮೂಲದ್ದೇ, ಆದರೂ ಸೂಕ್ಷ್ಮಜೀವಿಗಳು ಅದನ್ನು ತಿಂದು ಅರಗಿಸಿಕೊಳ್ಳುತ್ತವೆ. ಇದಕ್ಕೆ ತದ್ವಿರುದ್ಧ ಕಬ್ಬಿನ ಎಥನಾಲ್‌ನಿಂದ ಮಾಡುವ ಪಾಲಿಥೀನ್: ಹುಟ್ಟಿದ್ದು ಗದ್ದೆಯಲ್ಲಾದರೂ ಕೊಳೆಯುವುದಿಲ್ಲ, ಮಾಮೂಲಿ ಪಾಲಿಥೀನಿನ ಜೊತೆ ಮರುಬಳಕೆಗೆ ಹೋಗಬೇಕು. ಯಾವುದರಿಂದ ಮಾಡಿದ್ದು ಅನ್ನುವುದೂ ಕೊಳೆಯುತ್ತದೆಯೇ ಅನ್ನುವುದೂ ಬೇರೆ ಬೇರೆ ಪ್ರಶ್ನೆ ಎಂದು ನನಗೆ ಅರ್ಥವಾಗಿದ್ದು ಆಗಲೇ. ಬ್ಯಾಕ್ಟೀರಿಯಾಗಳು ತಮ್ಮ ಒಡಲಲ್ಲೇ ಕೂಡಿಡುವ ಪಿಎಚ್‌ಎ ಎಂಬ ಪ್ಲಾಸ್ಟಿಕ್ಕೂ ಇದೆ. ಮಣ್ಣಲ್ಲೂ ಸಮುದ್ರದಲ್ಲೂ ಕೊಳೆಯುವಂಥದ್ದು. ಬೆಲೆ ನಮ್ಮಂಥವರಿಗೆ ಎಟುಕುವುದಿಲ್ಲ.

ಚೀಲ ಚೆನ್ನಾಗಿದೆ ಎಂದು ಒಟ್ಟಿಗೇ ತಂದು ಅಟ್ಟದ ಮೇಲೆ ಪೇರಿಸಿಟ್ಟಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ತೇವ ಹೀರಿ ಒಂದಕ್ಕೊಂದು ಅಂಟಿಕೊಂಡು, ಹಿಡಿ ಎಳೆದರೆ ಹರಿಯುತ್ತಿದ್ದವು. ಈಗ ತಿಂಗಳಿಗೆ ಬೇಕಾದಷ್ಟು ಮಾತ್ರ ತರುತ್ತೇನೆ.

ನನ್ನ ಕಣ್ಣು ತೆರೆಸಿದ್ದು ಬೆಳಿಗ್ಗೆ ಕಸದ ಗಾಡಿಯೊಂದಿಗೆ ಬರುವ ಪೌರಕಾರ್ಮಿಕ ಹೆಂಗಸು.

"ಇದೇನಕ್ಕ, ಹಸಿ ಕಸಕ್ಕೆ ಪ್ಲಾಸ್ಟಿಕ್ ಹಾಕಿದ್ದೀರಾ?"

"ಪ್ಲಾಸ್ಟಿಕ್ ಅಲ್ಲ ಕಣಮ್ಮ, ಜೋಳದ್ದು. ಕೊಳೆಯುತ್ತೆ."

"ಜೋಳದ್ದೋ ಇನ್ಯಾವ್ದೋ, ಅಲ್ಲಿ ಆರಿಸೋರಿಗೆ ಹೆಂಗಕ್ಕ ಗೊತ್ತಾಗತ್ತೆ? ತೆಗೆದು ಪಕ್ಕಕ್ಕೆ ಎಸೀತಾರೆ ಅಷ್ಟೆ."

ಅವಳ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಇಂಥ ಡಬ್ಬಿಯಿಂದ ವ್ಯಾಪಾರದವರಿಗೆ ಆಗುವ ದೊಡ್ಡ ಉಪಕಾರವೇ ಅದು: ಅನ್ನ, ಪಲ್ಯ ಮೆತ್ತಿಕೊಂಡಿದ್ದರೂ ತೊಳೆಯದೆ ಎಂಜಲಿನ ಜೊತೆಯಲ್ಲೇ ಗೊಬ್ಬರಕ್ಕೆ ಹಾಕಬಹುದು. ಗೊಬ್ಬರದವರು ಅದನ್ನು ತೆಗೆದುಕೊಳ್ಳದಿದ್ದರೆ ಆ ಉಪಕಾರ ಅಲ್ಲಿಗೇ ನಿಂತಿತು. ಗಿಡ ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವೇ ಡಬ್ಬಿಯಾಗಿದೆ, ಅಷ್ಟರ ಮಟ್ಟಿಗೆ ಪೆಟ್ರೋಲಿಯಂ ಉಳಿಯಿತು ಎನ್ನುವುದು ಮಾತ್ರ ಉಳಿಯುತ್ತದೆ.

ನಾನೇ ನೋಡಿಬಿಡೋಣ ಎಂದು ಹಿತ್ತಲಿನ ಡ್ರಮ್ಮಿನಲ್ಲಿ ತರಕಾರಿ ಸಿಪ್ಪೆ, ಒಣಗಿದ ಎಲೆ, ಹುಳಿ ಮಜ್ಜಿಗೆ ಹಾಕಿ, ನಡುವೆ ಒಂದು ಚೀಲ, ಒಂದು ಪಿಎಲ್‌ಎ ಲೋಟ ಹೂತಿಟ್ಟೆ. ಆರು ತಿಂಗಳಾದ ಮೇಲೆ ಬಗೆದೆ. ಚೀಲ ಚಿಂದಿಚಿಂದಿಯಾಗಿ ಬೆರಳಿಗೆ ಹತ್ತುತ್ತಿತ್ತು. ಲೋಟ ನೀರಲ್ಲಿ ಅದ್ದಿದರೆ ಹೊಸದರ ಹಾಗೆ ಹೊಳೆಯಿತು.

ಈಗ ಯಾರೇ ಮಾರಲು ಬರಲಿ, ಗೊಬ್ಬರವಾಗುವ ಪ್ಲಾಸ್ಟಿಕ್ಕಿನ ಭಾರತೀಯ ಮಾನದಂಡವಾದ ಐಎಸ್ 17088 ಮತ್ತು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ (ಸಿಪಿಸಿಬಿ) ಪ್ರಮಾಣಪತ್ರ ತೋರಿಸಿ ಎನ್ನುತ್ತೇನೆ. ಬರೀ 'ಬಯೋಡಿಗ್ರೇಡಬಲ್' ಎಂದು ಅಚ್ಚು ಹಾಕಿದ್ದರೆ ವಾಪಸ್ಸು. ಆಕ್ಸೋ ಅನ್ನುವುದಂತೂ ಬೇಡವೇ ಬೇಡ. ಮಾಮೂಲಿ ಪ್ಲಾಸ್ಟಿಕ್ಕಿಗೆ ಏನೋ ಬೆರೆಸಿ ಪುಡಿಯಾಗುವ ಹಾಗೆ ಮಾಡಿರುತ್ತಾರೆ, ಪುಡಿ ಮಣ್ಣಿನಲ್ಲೇ ಉಳಿಯುತ್ತದೆ.

ಪಿಎಲ್‌ಎ ಡಬ್ಬಿಯಲ್ಲಿ ಕೋಸಂಬರಿ, ಹಣ್ಣು ಮಾತ್ರ. ಅನ್ನ ಪಲ್ಯಕ್ಕೆ ಕಬ್ಬಿನ ಸಿಪ್ಪೆಯ ತಟ್ಟೆ. ಪಕ್ಕದ ಮಂಡ್ಯದಲ್ಲಿ ಕಬ್ಬೇ ಕಬ್ಬು, ಆ ತಟ್ಟೆ ಹಿಡಿದರೆ ನಮ್ಮ ಸೀಮೆಯದು ಎಂಬ ಸಂತೋಷವೂ ಇದೆ. ಬಿಸಿ ಸಾರಿಗೆ ಗಿರಾಕಿಗಳ ಸ್ಟೀಲ್ ಕ್ಯಾರಿಯರ್. ತಂದವರಿಗೆ 5 ರೂಪಾಯಿ ಕಡಿಮೆ. ಹನ್ನೊಂದು ಗಂಟೆಗೇ ಹೆಸರಿನ ಚೀಟಿ ಅಂಟಿಸಿಕೊಂಡು ಅವು ಕಟ್ಟೆಯ ಮೇಲೆ ಸಾಲಾಗಿ ಕೂತಿರುತ್ತವೆ.