ಸಿಪಾಯಿ ನಮ್ಮೂರ ಮಾತಾಡಿದ ಮೇಲೆ ಕುರ್ಚಿ ಸಾಲಲಿಲ್ಲ

"ಮೊದಲ ಮಹಾಯುದ್ಧದ ಸಿನಿಮಾ, ಅದೂ ಕಪ್ಪು-ಬಿಳುಪು. ಗದಗಿನಾಗ ಯಾರು ನೋಡ್ತಾರ?" ನಮ್ಮ ಬಳಗದ ಎಲ್ಲರದೂ ಇದೇ ಮಾತಾಗಿತ್ತು. ಹೋದ ತಿಂಗಳು 'ಪಾತ್ಸ್ ಆಫ್ ಗ್ಲೋರಿ' ಹಾಕಿದ ದಿನ ನೂರಾ ಹತ್ತು ಕುರ್ಚಿ ತುಂಬಿ, ಪಕ್ಕದ ಚಹಾದ ಅಂಗಡಿಯಿಂದ ಬೆಂಚು ತರಿಸಬೇಕಾಯಿತು. ಫಿಲಂ ಸೊಸೈಟಿ ನಡೆಸುವವರಿಗೆ, ಸಬ್‌ಟೈಟಲ್ ಮಾಡುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಶುರು ಮಾಡಿದ್ದು '1917'ರಿಂದ, ಇಂಗ್ಲಿಷ್ ಸಬ್‌ಟೈಟಲ್ ಇಟ್ಟುಕೊಂಡೇ. ಅರವತ್ತು ಜನ ಬಂದರು. ಆಮೇಲೆ ಎಲ್ಲರೂ ಮಾತಾಡಿದ್ದು ಕ್ಯಾಮೆರಾ ಎಲ್ಲೂ ಕಟ್ ಆಗದ ಹಾಗೆ ಕಾಣುವ ಬಗ್ಗೆ. ಕಥೆಯ ಆ ಸಿಪಾಯಿ ಹುಡುಗರ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಮುಂದಿನ ತಿಂಗಳು 'ಲಾರೆನ್ಸ್ ಆಫ್ ಅರೇಬಿಯಾ'. ಮೂರೂವರೆ ಗಂಟೆಗೂ ಜಾಸ್ತಿ. ಊಟದ ಹೊತ್ತಿಗೆ ಉಳಿದವರು ಹನ್ನೆರಡು ಜನ. ಸೆಕೆಂಡ್ ಹ್ಯಾಂಡ್ ಪ್ರೊಜೆಕ್ಟರ್‌ಗೆ ಮೂವತ್ತೊಂದು ಸಾವಿರ ಕೊಟ್ಟಿದ್ದೆ. ಹಾಲ್ ಬಾಡಿಗೆ, ಹಕ್ಕುದಾರರಿಗೆ ಕಟ್ಟಿದ ದುಡ್ಡು ಎಲ್ಲ ಸೇರಿ ಮೊದಲ ವರ್ಷ ನಲವತ್ತು ಸಾವಿರದ ಹತ್ತಿರ ಕೈಯಿಂದ ಹೋಯಿತು. ಮನೆಯಲ್ಲಿ ಮಾತು ಕೇಳಬೇಕಾಯಿತು.

ಆಮೇಲೆ ನಾನೇ ಕನ್ನಡ ಸಬ್‌ಟೈಟಲ್ ಬರೆಯಲು ಕೂತೆ. 1930ರ 'ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್'ಗೆ ಎರಡು ತಿಂಗಳು ಹಿಡಿಯಿತು. ಪುಸ್ತಕದ ಕನ್ನಡದಲ್ಲಿ, ಶುದ್ಧವಾಗಿ ಬರೆದಿದ್ದೆ. ಪ್ರದರ್ಶನದ ದಿನ ಪ್ಲೇಯರ್‌ನಲ್ಲಿ ಒತ್ತಕ್ಷರವೆಲ್ಲ ಒಡೆದು ಚೆಲ್ಲಾಪಿಲ್ಲಿಯಾಯಿತು. ಅವತ್ತಿನಿಂದ ಅಕ್ಷರವನ್ನು ಚಿತ್ರದಲ್ಲೇ ಸುಟ್ಟು ಕೂರಿಸುತ್ತೇನೆ, ಸಬ್‌ಟೈಟಲ್ ಬೇರೆಯಾಗಿ ಇಡುವ ಎಸ್‌ಆರ್‌ಟಿ ಫೈಲ್ ನಂಬುವುದಿಲ್ಲ. ಆದರೆ ನಿಜವಾದ ತೊಂದರೆ ಬೇರೆ ಇತ್ತು. ಕಂದಕದಲ್ಲಿ ಇಲಿಗಳ ಜೊತೆ ಮಲಗುವ ಹುಡುಗ "ನನಗೆ ಹಸಿವಾಗುತ್ತಿದೆ" ಅಂದರೆ ಯಾರ ಎದೆಗೂ ತಾಗುವುದಿಲ್ಲ. "ಹೊಟ್ಟಿ ಹಸದೈತಲೇ" ಅನ್ನಬೇಕು.

'ಪಾತ್ಸ್ ಆಫ್ ಗ್ಲೋರಿ'ಗೆ ಇದನ್ನೇ ಮಾಡಿದೆ. ಅರಮನೆಯಲ್ಲಿ ಕೂತ ಜನರಲ್‌ಗಳಿಗೆ ಪುಸ್ತಕದ ಕನ್ನಡ, ಸಿಪಾಯಿಗಳಿಗೆ ಗದಗಿನ ಮಾತು. ಆ ಸಿಪಾಯಿಗಳ ಮುಖಂಡ ಕರ್ನಲ್ ಡ್ಯಾಕ್ಸ್‌ಗೆ ಎರಡೂ. ಮೇಲಿನವರ ಹತ್ತಿರ ಒಂದು, ತನ್ನ ಹುಡುಗರ ಹತ್ತಿರ ಇನ್ನೊಂದು. ಬಳಗದವರು "ಫ್ರೆಂಚ್ ಸಿಪಾಯಿ ನಮ್ಮ ಮಾತಾಡಿದ್ರ ನಗತಾರ" ಅಂದರು. ಕಥೆ ಫ್ರಾನ್ಸಿನದು, ಚಿತ್ರೀಕರಣ ಜರ್ಮನಿಯಲ್ಲಿ, ಸಿಪಾಯಿಗಳು ಆಡುವುದು ಅಮೆರಿಕದ ಇಂಗ್ಲಿಷ್. ಅದು ನಡೆಯುತ್ತದೆ ಅಂದರೆ ಇದೂ ನಡೆಯಬೇಕು, ಅಲ್ವಾ?

ಜಿರಳೆಯ ದೃಶ್ಯ ನೋಡಿದವರಿಗೆ ನೆನಪಿರುತ್ತದೆ. ಹೇಡಿತನದ ಆರೋಪ ಹೊರಿಸಿ ತಮ್ಮದೇ ಸೇನೆ ಮರಣದಂಡನೆ ಕೊಟ್ಟವರಲ್ಲಿ, ಬೆಳಗಾದರೆ ಗುಂಡಿಗೆ ಬಲಿಯಾಗುವವನೊಬ್ಬ, ನಾನು ಸತ್ತ ಮೇಲೂ ಈ ಜಿರಳೆ ಬದುಕಿರುತ್ತದಲ್ಲ ಅಂತ ಕೊರಗುತ್ತಾನೆ. ಪಕ್ಕದವನು ಟಪ್ ಅಂತ ಅದನ್ನು ಕೊಂದು ಒಂದು ಮಾತು ಹೇಳುತ್ತಾನೆ. ಮೊದಲು "ಈಗ ನಿನಗೆ ಮೇಲುಗೈ ದೊರೆಯಿತು" ಅಂತ ಬರೆದಿದ್ದೆ. ಹತ್ತು ಸಲ ತಿದ್ದಿ ಕೊನೆಗೆ "ತಗೋ, ಈಗ ಅದಕ್ಕಿಂತ ನೀನ ಮುಂದ" ಅಂತ ಮಾಡಿದೆ. ಸಭೆ ಒಮ್ಮೆ ನಕ್ಕಿತು, ಮರುಕ್ಷಣ ಗಪ್‌ಚುಪ್. ನನಗೆ ಬೇಕಾಗಿದ್ದು ಅದೇ.

ಸಾಲಿಗೆ ಮೂವತ್ತು ಅಕ್ಷರದ ಮೇಲೆ ಹೋಗಬೇಡಿ. ಕನ್ನಡದ ಪದ ಉದ್ದ, ಓದುವಷ್ಟರಲ್ಲಿ ಮುಖ ತಪ್ಪಿಹೋಗುತ್ತದೆ. ಗುಂಡಿನ ಸದ್ದಿನ ನಡುವೆ ಸಾಲು ಎಲ್ಲಿ ಒಡೆಯಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ನೋಡಿದರೆ ಗೊತ್ತಾಗುತ್ತದೆ.

ನಡುವೆ ಇನ್ನೊಂದು ಪ್ರಯೋಗ. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ 1916ರ ಆಗಸ್ಟ್‌ನಲ್ಲಿ ತೆರೆಕಂಡ 'ದಿ ಬ್ಯಾಟಲ್ ಆಫ್ ದಿ ಸೋಮ್' ಮೂಕಿಚಿತ್ರವನ್ನು ಹಾರ್ಮೋನಿಯಂ ಜೊತೆ ಹಾಕಿದೆ. ಕೂಡಿಬರಲಿಲ್ಲ. ಅರ್ಧಕ್ಕೆ ಹಾರ್ಮೋನಿಯಂ ನಿಲ್ಲಿಸಿದಾಗ ಜನ ಸರಿಯಾಗಿ ನೋಡತೊಡಗಿದರು. ಕಂದಕದಿಂದ ಮೇಲೆ ಹತ್ತುವ ಆ ಪ್ರಸಿದ್ಧ ದೃಶ್ಯ ಆಡಿ ತೋರಿಸಿದ್ದು ಅಂತ ಆಮೇಲೆ ಹೇಳಿದೆ. ಒಬ್ಬ ಅಜ್ಜ ಒಪ್ಪಲೇ ಇಲ್ಲ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯವರೂ ಇದ್ದರು ಅಂದಾಗ ಮಾತ್ರ "ಅದರ ಸಿನಿಮಾ ಎಲ್ಲೈತಿ?" ಅಂತ ಕೇಳಿದರು.

ಈ ಯುದ್ಧದ ಸಿನಿಮಾಗಳ ನನ್ನ ಪಟ್ಟಿಯಲ್ಲಿ 'ಪಾತ್ಸ್ ಆಫ್ ಗ್ಲೋರಿ' ಮೊದಲು. 1957ರ ಚಿತ್ರ, ಫ್ರಾನ್ಸಿನಲ್ಲಿ ತೆರೆಕಂಡಿದ್ದು 1975ರಲ್ಲಿ. ಆಮೇಲೆ 1930ರ 'ಆಲ್ ಕ್ವಯಟ್', ಆಮೇಲೆ 'ಗಲಿಪೊಲಿ'. ಫ್ರೆಂಚ್ ನಿರ್ದೇಶಕ ರೆನ್ವಾರ್‌ನ 'ಗ್ರಾಂಡ್ ಇಲ್ಯೂಷನ್' ಈಗ ಮೇಜಿನ ಮೇಲಿದೆ. ಅದರಲ್ಲಿ ಫ್ರೆಂಚ್ ಅಧಿಕಾರಿ, ಜರ್ಮನ್ ಅಧಿಕಾರಿ ಇಬ್ಬರೇ ಇದ್ದಾಗ ಇಂಗ್ಲಿಷಿಗೆ ಹೊರಳುತ್ತಾರೆ. ಅದಕ್ಕೆ ಯಾವ ಕನ್ನಡ ಕೊಡಬೇಕು ಅಂತ ಮೂರು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ.

'ಪಾತ್ಸ್'ನ ಕೊನೆಯಲ್ಲಿ ಸೆರೆಯಾದ ಜರ್ಮನ್ ಹುಡುಗಿ ಅಳುತ್ತಾ ಹಾಡುತ್ತಾಳೆ. ಕೇಕೆ ಹಾಕುತ್ತಿದ್ದ ಸಿಪಾಯಿಗಳು ಮೆಲ್ಲಗೆ ದನಿಗೂಡಿಸುತ್ತಾರೆ. ಆ ಹಾಡಿಗೆ ಸಾಲು ಬರೆದು ಇಟ್ಟಿದ್ದೆ. ಹಿಂದಿನ ರಾತ್ರಿ ಎಲ್ಲ ಅಳಿಸಿದೆ. ಎದುರಿನ ಬೆಂಚಿನಲ್ಲಿ ಕೂತಿದ್ದ ಚಹಾದ ಅಂಗಡಿಯ ಹುಡುಗ ಕಣ್ಣು ಒರೆಸಿಕೊಂಡು, ಲೈಟ್ ಹಾಕಿದ ಮೇಲೂ ಎದ್ದಿರಲಿಲ್ಲ.